ಶಿವಕಾಂತಾ ಹೊಲಿದ ನೆರಳು

"ಇದರ ಕೆಳಗ ಎರಡು ತಾಸು ಕೂತ್ರ ಮನುಷ್ಯಾ ಉಳಿಯೋದಿಲ್ಲ ನೋಡು, ಈಶಮ್ಮಕ್ಕ."

ಶಿವಕಾಂತಾ ಬಂದವನ ಮುಖವನ್ನೂ ನೋಡದೆ, ಪಕ್ಕದಲ್ಲಿ ತಾಡಪತ್ರಿಯ ಅಂಚಿಗೆ ರಿಂಗು ಬಡಿಯುತ್ತಿದ್ದ ಕೆಲಸದ ಈಶಮ್ಮನಿಗೆ ಮೆಲ್ಲಗೆ ಹೇಳಿದಳು. ಅವಳ ಕಣ್ಣೆಲ್ಲ ಆತ ಮೇಜಿನ ಮೇಲೆ ಹರಡಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿಯ ಮೇಲಿತ್ತು. ಎರಡು ಕಡೆ ಹರಿದಿತ್ತು. ಅಂಚಿನ ರಿಂಗುಗಳು ಕಿತ್ತು ಬಂದಿದ್ದವು.

"ಖರೆ ಅದರಿ. ಕೂತು ನೋಡೀನಿ. ಅದಕ್ಕೇ ನಿಮ್ಮ ಹತ್ರ ಬಂದೀನಿ."

ಶಿವಕಾಂತಾ ಬೆಚ್ಚಿ ತಲೆಯೆತ್ತಿದಳು.

ಜಹೀರಾಬಾದಿನ ಬೈಪಾಸ್ ಪಕ್ಕದ ಆ ತಾಡಪತ್ರಿ ಹೊಲಿಯುವ ಅಂಗಡಿಗೆ ಬರುವವರು ಹೆಚ್ಚಾಗಿ ಲಾರಿ ಡ್ರೈವರುಗಳು, ಟ್ರ್ಯಾಕ್ಟರಿನವರು. ಡ್ರೈವರುಗಳ ಜೊತೆ ದಖ್ಖನಿ, ರೈತರ ಜೊತೆ ತೆಲುಗು, ಬಟ್ಟೆ ಕೊಡುವ ವ್ಯಾಪಾರಿಯ ಜೊತೆ ಮರಾಠಿ. ಕನ್ನಡ ಏನಿದ್ದರೂ ಅಪ್ಪನ ಜೊತೆ, ಈಶಮ್ಮನ ಜೊತೆ. ಗಿರಾಕಿಗೆ ತಿಳಿಯಬಾರದ ಮಾತನ್ನು ಅವಳು ಯಾವಾಗಲೂ ಕನ್ನಡದಲ್ಲೇ ಆಡುತ್ತಿದ್ದಳು.

ಇವತ್ತು ಸಿಕ್ಕಿಬಿದ್ದಿದ್ದಳು!

ಎದುರಿಗಿದ್ದವನಿಗೆ ಮೂವತ್ತಾರು ಮೂವತ್ತೇಳರ ವಯಸ್ಸಿರಬೇಕು. ಬಿಸಿಲಿಗೆ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ನಗುತ್ತಿದ್ದದ್ದು ತುಟಿಯಲ್ಲ, ಕಣ್ಣು.

ಆತ ಭೀಮಾಶಂಕರ. ಕಂಗ್ಟಿ ಕಡೆಯವನು, ಕುರಿ ಸಾಕುವ ಮನೆತನದವನು. ಹದಿನೈದು ವರ್ಷ ನೌಕಾದಳದಲ್ಲಿದ್ದು, ಈಗ ಊರಿಗೆ ಮರಳಿದ್ದ. ನಾರಾಯಣಖೇಡ ಕಡೆಯ ಮಂಜೀರಾ ಹಿನ್ನೀರಿನಲ್ಲಿ ಒಂದು ವಿಶ್ವವಿದ್ಯಾಲಯದವರಿಗಾಗಿ ನೀರಿನ ಮಾದರಿ ತೆಗೆಯುವ, ಹಕ್ಕಿ ಎಣಿಸುವ ಕೆಲಸ ಹಿಡಿದಿದ್ದ. ಜನ ಕುಡಿಯುವ ನೀರು, ಡೀಸೆಲ್ ಎಂಜಿನ್ ಬೇಡವೆಂದು ಅವರು ಮೊದಲೇ ಹೇಳಿದ್ದರು. ಹಾಗಾಗಿ ಹಳೆಯದೊಂದು ಹಾಯಿದೋಣಿ ಕೊಂಡು ತಾನೇ ರಿಪೇರಿ ಮಾಡಿಕೊಂಡಿದ್ದ. ವಾರಕ್ಕೆ ಮೂರು ದಿನ ನೀರಿನ ಮೇಲೆಯೇ ವಾಸ. ಬೆಳಿಗ್ಗೆ ಕೆಲಸ, ಸಂಜೆ ಕೆಲಸ. ನಡುವಿನ ಉರಿಬಿಸಿಲಲ್ಲಿ ಲಂಗರು ಹಾಕಿ ಕೂರಬೇಕು. ಮುಂದೆ ಏಪ್ರಿಲ್, ಮೇ...

ಹಾಯಿಯ ಕೆಳಗೆ ಒಂದು ಅಡ್ಡಕೋಲಿರುತ್ತದೆ, ಬೂಮ್ ಅನ್ನುತ್ತಾರೆ, ಹಾಯಿ ಇಳಿಸಿದ ಮೇಲೆ ಅದರ ಮೇಲೆ ಬಟ್ಟೆ ಹೊದಿಸಿದರೆ ಕೂರುವ ಜಾಗಕ್ಕೆ ಗುಡಾರದಂತೆ ನೆರಳಾಗುತ್ತದೆ ಎಂದು ಆತ ರಸೀದಿ ಪುಸ್ತಕದ ಹಿಂದೆ ಚಿತ್ರ ಬರೆದು ವಿವರಿಸಿದ. ಶಿವಕಾಂತಾ ಚಿತ್ರ ನೋಡಿದಳು. ಬರೆಯುತ್ತಿದ್ದ ಕೈಯನ್ನೂ ನೋಡಿದಳು.

"ಚಿತ್ರದ ಮ್ಯಾಲ ನಾ ಹೊಲಿಯೋದಿಲ್ರಿ," ಅಂದಳು. "ದೋಣಿ ನೋಡ್ಬೇಕು."

ಆ ಮಾತು ಕಸುಬಿನದೋ, ಮನಸ್ಸಿನದೋ... ಅವಳಿಗೇ ಗೊತ್ತಾಗಲಿಲ್ಲ.

*

ಶಿವಕಾಂತಾಗೆ ಆಗ ಇಪ್ಪತ್ತೊಂಬತ್ತು. ಏಳು ವರ್ಷದ ಹಿಂದೆ ಅಪ್ಪ ಬಂಡೆಪ್ಪ ಲಾರಿಯ ಮೇಲೆ ಹತ್ತಿ ಅಳತೆ ತೆಗೆಯುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದ. ತಾಯಿ ಅದಕ್ಕೂ ಮೊದಲೇ ತೀರಿದ್ದಳು. ಅಂಗಡಿ ಮುಚ್ಚುವ ಮಾತು ಬಂದಾಗ ಶಿವಕಾಂತಾ ಒಂದು ದಿನ ಸುಮ್ಮನೆ ಹೋಗಿ ಮಷೀನಿನ ಮುಂದೆ ಕುಳಿತಳು. ಅಂದಿನಿಂದ ಎದ್ದಿರಲಿಲ್ಲ.

ಎರಡು ಸಂಬಂಧ ಬಂದು ಮುರಿದವು. ಲಾರಿ ಹತ್ತುವ ಹುಡುಗಿ ನಮ್ಮ ಮನೆಗೆ ಹೊಂದುವುದಿಲ್ಲ ಎಂದು ಒಬ್ಬರು ನೇರವಾಗಿ ಹೇಳಿದರು, ಇನ್ನೊಬ್ಬರು ಹೇಳದೆ ಹೋದರು. ಆಮೇಲೆ ಅವಳು ಆ ಆಸೆಯನ್ನೇ ಮಡಿಸಿಟ್ಟಿದ್ದಳು.

ಭಾನುವಾರ ಈಶಮ್ಮನನ್ನು ಕರೆದುಕೊಂಡು ನಾರಾಯಣಖೇಡದ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹಿನ್ನೀರಿನ ದಡಕ್ಕೆ ಹೋದಳು. ಜೋಳದ ಹೊಲ ಮುಗಿಯುವಲ್ಲಿ ನೀರು ಶುರುವಾಗುತ್ತಿತ್ತು. ದೂರದವರೆಗೆ ನೀರೇ ನೀರು. ಅದರ ಮೇಲೆ ಒಂದೇ ಒಂದು ಬಿಳಿ ದೋಣಿ.

ಈಶಮ್ಮ ದಡ ಬಿಟ್ಟು ಒಂದು ಹೆಜ್ಜೆ ಇಡಲೂ ಒಪ್ಪಲಿಲ್ಲ. ಶಿವಕಾಂತಾ ಟೇಪನ್ನು ಕೊರಳಿಗೆ ಹಾಕಿಕೊಂಡು ದೋಣಿಗೆ ಕಾಲಿಟ್ಟಳು. ಅದು ಓಲಾಡಿತು. ಅವಳು ಕಂಬ ಹಿಡಿದುಕೊಂಡಳು. ಭೀಮಾಶಂಕರ ಕೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿ, "ಹಿಡಿಲೇನ್ರಿ?" ಎಂದು ಕೇಳಿದ.

ಇಷ್ಟು ವರ್ಷ ಗಂಡಸರ ನಡುವೆ ಕೆಲಸ ಮಾಡಿದ್ದಳು. ಕೇಳಿ ಕೈ ಹಿಡಿದವರನ್ನು ಅವಳು ನೋಡಿರಲಿಲ್ಲ.

"ಬ್ಯಾಡ್ರಿ, ನಿಂತೀನಿ," ಅಂದಳು. ಹೇಳಿದ ಮೇಲೆ ಯಾಕೆ ಬೇಡ ಅಂದೆನೋ ಅನಿಸಿತು.

ಅಳತೆ ತೆಗೆಯುತ್ತ ಹೋದಂತೆ ಕಸುಬು ಅವಳ ಭಯ ಮರೆಸಿತು. ಕೂರುವ ಜಾಗ ಏಳಡಿ ಉದ್ದ. ಎದ್ದು ನಿಂತರೆ ಬೂಮ್ ತಲೆಗೆ ತಾಗುತ್ತದೆ. ಪ್ಲಾಸ್ಟಿಕ್ ಬೇಡ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಹತ್ತಿಯ ಕ್ಯಾನ್ವಾಸೇ ಆಗಬೇಕು, ಅದು ಉಸಿರಾಡುತ್ತದೆ ಎಂದಳು. ತೂಕ ಆಗುವುದಿಲ್ಲವೇ ಎಂದು ಆತ ಕೇಳಿದ. ತೆಳುವಾದ ನೇಯ್ಗೆಯದು ತರಿಸುತ್ತೇನೆ, ಮೇಲ್ಮೈ ತಿಳಿಬಣ್ಣ ಇರಲಿ, ಎರಡೂ ಬದಿ ಕೆಳಗೆ ಒಂದೂವರೆ ಅಡಿ ಬಿಟ್ಟರೆ ಗಾಳಿ ಆಡುತ್ತದೆ, ಅಗಲಕ್ಕೆ ಹಿಡಿದಿಡಲು ಎರಡು ತುದಿಗೂ ಬಿದಿರಿನ ಪಟ್ಟಿ ಎಂದು ಅವಳು ಒಂದೊಂದೇ ಹೇಳುತ್ತ ಹೋದಳು. ಆತ ಒಂದು ಮಾತನ್ನೂ ಬಿಡದೆ ಕೇಳಿದ.

ಕೊನೆಗೆ ಆತ ಒಂದೇ ಒಂದು ಷರತ್ತು ಹೇಳಿದ.

"ಬೇಸಗಿ ಗಾಳಿ ಹೇಳಿ ಬರೋದಿಲ್ರಿ. ಟೆಂಟ್ ಹಾಕಿದಾಗ ಅದು ಬಂತಂದ್ರ, ಈ ಬಟ್ಟಿನೇ ಹಾಯಿ ಆಗ್ತದ. ದೋಣಿನ ಕಲ್ಲಿಗಿ ಒಯ್ದು ಬಡೀತದ. ಒಂದೇ ಸಲ ಜಗ್ಗಿದ್ರ ಎಲ್ಲಾ ಬಿಚ್ಚಬೇಕು. ಎರಡನೇ ಗಂಟಿಗಿ ನನಗ ಟೈಮ್ ಇರೋದಿಲ್ಲ."

ಸುಮ್ಮನೆ ಹೇಳಿದ ಮಾತು. ಆದರೆ ಶಿವಕಾಂತಾ ನೀರಿನಾಚೆಯ ಬಂಡೆಗಳನ್ನು ತಿರುಗಿ ನೋಡಿದಳು.

*

ಆ ಒಂದು ಗಂಟಿಗಾಗಿ ಅವಳು ಹತ್ತು ದಿನ ನಿದ್ದೆಗೆಟ್ಟಳು. ಅವಳಿಗೆ ಗೊತ್ತಿದ್ದದ್ದು ಲಾರಿಯ ಕಟ್ಟು. ಅದು ಬಿಚ್ಚಬಾರದು, ಅದೇ ಅದರ ಗುಣ. ಇಲ್ಲಿ ಬೇಕಾದದ್ದು ಗಟ್ಟಿಯಾಗಿ ಹಿಡಿದು, ಕೇಳಿದ ಕ್ಷಣ ಬಿಟ್ಟುಬಿಡುವಂಥದ್ದು.

ಒಂದು ಮಧ್ಯಾಹ್ನ ಈಶಮ್ಮ ಜೋಳದ ಚೀಲ ಬಿಚ್ಚುತ್ತಿದ್ದಳು. ಬಾಯಿಗೆ ಹಾಕಿದ ಸರಪಳಿ ಹೊಲಿಗೆಯ ಸರಿಯಾದ ತುದಿ ಹಿಡಿದು ಎಳೆದಳು. ಸರ್ರನೆ ಇಡೀ ಬಾಯಿ ಬಿಚ್ಚಿಕೊಂಡಿತು.

ಶಿವಕಾಂತಾ ಓಡಿಬಂದು ಆ ದಾರ ಕಸಿದುಕೊಂಡಳು. ಸಂಜೆಯ ಹೊತ್ತಿಗೆ ಟೆಂಟಿನ ಅಂಚಿಗೆ ಹಗ್ಗದ ಕುಣಿಕೆಗಳ ಸಾಲು ಬಂತು. ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಕೊನೆಯದಕ್ಕೆ ಮಾತ್ರ ಜಾರುಗಂಟು. ಅದೊಂದನ್ನು ಜಗ್ಗಿದರೆ ಎಲ್ಲವೂ ಬಿಡುತ್ತಿತ್ತು.

ಅಷ್ಟರಲ್ಲಿ ಭೀಮಾಶಂಕರ ಮೂರು ಸಲ ಬಂದು ಹೋಗಿದ್ದ. ಬಟ್ಟೆ ನೋಡಲು ಒಮ್ಮೆ, ಬಿದಿರು ತರಲು ಒಮ್ಮೆ. ಮೂರನೇ ಸಲ ಯಾಕೆ ಬಂದನೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಆವತ್ತು ಅವಳು ಹೊಲಿಯುತ್ತಲೇ, ಸಮುದ್ರದಲ್ಲಿದ್ದಾಗ ಏನು ನೆನಪಾಗುತ್ತಿತ್ತು ಎಂದು ಕೇಳಿದಳು.

"ನಮ್ಮ ಹಡಗಿನ್ಯಾಗ ನಮ್ಮ ಮಾತು ಆಡೋರು ಯಾರೂ ಇರ್ಲಿಲ್ರಿ. ಒಬ್ನೇ ನಿಂತಾಗ ನನ್ನ ಜೋಡಿ ನಾನೇ ಮಾತಾಡ್ಕೋತಿದ್ದೆ. 'ಭೀಮ್ಯಾ, ಊಟಾ ಆತೇನು? ಆತಪಾ.' ಹಿಂಗ..."

ಆತ ನಕ್ಕ. ಶಿವಕಾಂತಾಗೆ ನಗು ಬರಲಿಲ್ಲ. ಮಷೀನಿನ ಪೆಡಲಿನ ಮೇಲೆ ಅವಳ ಕಾಲು ನಿಂತೇ ಹೋಗಿತ್ತು. 'ನಾನೂ ಹಂಗೇ ಅಲ್ಲೇನು... ಮೂರು ಭಾಷ್ಯಾಗ ದಿನಾ ಮಾತಾಡ್ತೀನಿ. ಮನಸಿನ ಮಾತು ಯಾರ ಜೋಡಿ ಆಡೀನಿ?'

ಒಳಗಿನ ಮಂಚದ ಮೇಲಿಂದ ಬಂಡೆಪ್ಪ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಮಷೀನು ನಿಂತದ್ದೂ ಅವನಿಗೆ ಕೇಳಿಸಿತು.

ಮಾರ್ಚ್ ಕೊನೆಗೆ ಟೆಂಟ್ ತಯಾರಾಯಿತು. ಅಂಗಡಿಯ ಹಿಂದೆ ಎರಡು ಗೂಟದ ನಡುವೆ ಬಿದಿರು ಕಟ್ಟಿ ಹೊದಿಸಿ ನೋಡಿದರು. ಭೀಮಾಶಂಕರ ಜಾರುಗಂಟು ಜಗ್ಗಿದ. ಇಡೀ ಅಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟುಕೊಂಡಿತು. ಆತ ಅವಳನ್ನು ನೋಡಿದ ನೋಟಕ್ಕೆ ಶಿವಕಾಂತಾ ತಲೆ ತಗ್ಗಿಸಿದಳು.

"ನೀರಿನ ಮ್ಯಾಲ ಹ್ಯಾಂಗ ಆತು ಅಂತ ಬಂದು ಹೇಳ್ತೀನ್ರಿ," ಅಂದ. "ಖರೇನ ಬರ್ತೀನಿ."

*

ಆತ ಬರಲಿಲ್ಲ.

ಮೊದಲ ವಾರ ಅವಳು ಕಾಯಲಿಲ್ಲ ಅಂದುಕೊಂಡಳು. ಎರಡನೇ ವಾರ ಅಂಗಡಿಯ ಮುಂದೆ ಮೋಟರ್ ಸೈಕಲ್ ನಿಂತಾಗಲೆಲ್ಲ ಕತ್ತರಿ ಕೈಯಲ್ಲೇ ನಿಲ್ಲುತ್ತಿತ್ತು. ಏಪ್ರಿಲ್ ನಡುವೆ ಒಂದು ಸಂಜೆ ಜೋರು ಗಾಳಿ ಎದ್ದು ಬೈಪಾಸಿನ ಬೋರ್ಡುಗಳನ್ನೆಲ್ಲ ಕಿತ್ತೊಗೆಯಿತು. ಅವಳು ಅಂಗಳದಲ್ಲಿ ನಿಂತು ನಾರಾಯಣಖೇಡದ ದಿಕ್ಕನ್ನೇ ನೋಡುತ್ತಿದ್ದಳು. ಗಂಟು ಬಿಚ್ಚಿತೋ ಇಲ್ಲವೋ... ಆತ ಹೇಗಿದ್ದಾನೋ...

ನಾಲ್ಕು ದಿನ ತಡೆದು, ಕೊನೆಗೆ ಸ್ವಾಭಿಮಾನ ಬದಿಗಿಟ್ಟು ಒಂದು ಮೆಸೇಜ್ ಕಳಿಸಿದಳು. ಟೆಂಟ್ ಸರಿ ಇದೆಯೇ ಎಂದಷ್ಟೇ.

ಮರುದಿನ ಉತ್ತರ ಬಂತು. "ಚಲೋ ಅದರಿ."

ಎರಡೇ ಪದ. ಅದನ್ನು ಅವಳು ಎಷ್ಟು ಸಲ ಓದಿದಳೋ! ಓದಿದಾಗಲೆಲ್ಲ ಅದು ಇನ್ನಷ್ಟು ಚಿಕ್ಕದಾಗುತ್ತಿತ್ತು. ಗಿರಾಕಿ ಬಂದ, ಸಾಮಾನು ಒಯ್ದ, ಅಷ್ಟೇ. ಉಳಿದದ್ದೆಲ್ಲ ತಾನೇ ಹೊಲಿದುಕೊಂಡದ್ದು.

ಈಶಮ್ಮ ಏನೋ ಹೇಳಲು ಬಾಯಿ ತೆರೆದು, ಒಳಗಿದ್ದ ಬಂಡೆಪ್ಪನ ಕಡೆ ನೋಡಿ ಸುಮ್ಮನಾದದ್ದನ್ನು ಅವಳು ಗಮನಿಸಲಿಲ್ಲ.

ಮೇ ತಿಂಗಳಲ್ಲಿ ತಾಂಡೂರಿನಿಂದ ಸೋದರತ್ತೆ ಸುಗಲಾಬಾಯಿ ಫೋನ್ ಮಾಡಿದಳು. ತೊಗರಿಬೇಳೆ ಮಿಲ್ಲಿನ ಹುಡುಗ ಕಾಶಿನಾಥ, ನಮ್ಮವರೇ, ತಂಗಿಯರ ಮದುವೆ ಮುಗಿಸಿ ಈಗ ತನ್ನದಕ್ಕೆ ನೋಡುತ್ತಿದ್ದಾನೆ, ಲಾರಿ ಗೀರಿ ಎಂದು ತಕರಾರು ತೆಗೆಯುವವನಲ್ಲ ಎಂದಳು. ಬಂಡೆಪ್ಪ ಮಗಳ ಮುಖ ನೋಡಿದ. ಅವಳು, "ನಿನಗ ಸರಿ ಕಂಡ್ರ ನಡಿ ಅಪ್ಪಾ," ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಆಸೆಯೂ ಇರಲಿಲ್ಲ.

ತಾಂಡೂರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ನಾಪರಾಳಿ ಚಪ್ಪಡಿಕಲ್ಲು ಹಾಸಿದ ತಣ್ಣನೆಯ ಪಡಸಾಲೆ, ಅವಲಕ್ಕಿ, ಚಹಾ. ಹಿರಿಯರು ಇಬ್ಬರನ್ನೂ ಮಾತಾಡಲು ಹಿತ್ತಿಲಿಗೆ ಬಿಟ್ಟರು. ಕಾಶಿನಾಥ ಸಭ್ಯನಾಗಿದ್ದ. ಮಷೀನು ಇಲ್ಲಿಗೇ ತಂದುಕೊಳ್ಳಿ, ಮಿಲ್ಲಿಗೂ ತಾಡಪತ್ರಿ ಬೇಕಾಗುತ್ತದೆ ಎಂದ. ಅವಳು ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಅಳು ಬಂತು.

ಆತ ಗಾಬರಿಯಾಗಲಿಲ್ಲ. ಮೆಲ್ಲಗೆ ಕೇಳಿದ.

"ನಿಮ್ಮ ಮನಸು ಬ್ಯಾರೆ ಕಡೆ ಅದ ಏನ್ರಿ?"

ಶಿವಕಾಂತಾ ಸುಳ್ಳು ಹೇಳಬಹುದಿತ್ತು.

"ಅದರಿ," ಅಂದಳು. "ಆದ್ರ ಅವರ ಮನಸು ಈ ಕಡಿ ಇಲ್ಲ."

"ನೀವು ಕೇಳೀರೇನು ಅವರಿಗಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕೇಳ್ರಿ. ನನ್ನ ಕೂಡ ಇದ್ದು ಇನ್ನೊಬ್ಬರಿಗಿ ಕಾಯೋದು ಬ್ಯಾಡ. ನಿಮಗೂ ಕಷ್ಟ, ನನಗೂ ಕಷ್ಟ."

ಒಳಗೆ ಹೋಗಿ ಕಾಶಿನಾಥ ಎಲ್ಲರ ಮುಂದೆ, ತನಗೆ ಇನ್ನೊಂದು ವರ್ಷ ಬೇಕು, ತಪ್ಪು ತಿಳಿಯಬೇಡಿ ಎಂದು ಕೈಮುಗಿದ. ಸುಗಲಾಬಾಯಿಯ ಮುಖ ಕೆಂಪಾಯಿತು. ಬಂಡೆಪ್ಪ ಮಾತ್ರ ಮಗಳ ಕಡೆ ನೋಡಿದ. ಹಿತ್ತಿಲಿನ ಕಿಟಕಿಯ ಪಕ್ಕದಲ್ಲೇ ಅವನ ಕುರ್ಚಿಯಿತ್ತು.

*

ವಾಪಸು ಬಸ್ಸಿನಲ್ಲಿ ಅಪ್ಪ ಮಗಳು ಪಕ್ಕಪಕ್ಕ ಕುಳಿತರು. ಊರು ದಾಟಿ ಕೆಂಪು ಹೊಲಗಳು ಶುರುವಾದ ಮೇಲೆ ಬಂಡೆಪ್ಪ ಅಂಗಿಯ ಮೇಲಿಂದಲೇ ಎದೆಯ ಮೇಲಿನ ಲಿಂಗದ ಮೇಲೆ ಕೈಯಿಟ್ಟುಕೊಂಡ.

"ಯವ್ವಾ, ನಾ ಒಂದು ಸುಳ್ಳು ಹೇಳೀನಿ."

ಶಿವಕಾಂತಾ ಅವನ ಕಡೆ ತಿರುಗಿದಳು.

"ಆ ದೋಣಿ ಮನಷ್ಯಾ ಬಂದಿದ್ದ. ಗಾಳಿ ಬಿಟ್ಟ ಮರುದಿನಾನೇ ಬಂದಿದ್ದ. ನೀ ಕೋಹೀರಿಗಿ ಅಳತಿಗಿ ಹೋಗಿದ್ದಿ."

ಬಂಡೆಪ್ಪ ತಡವರಿಸುತ್ತ ಹೇಳಿದ. ಆ ಸಂಜೆ ಹಿನ್ನೀರಿನಲ್ಲಿ ಗಾಳಿ ಎದ್ದಾಗ ಲಂಗರು ಕಿತ್ತು ದೋಣಿ ಬಂಡೆಗಳ ಕಡೆ ಓಡತೊಡಗಿತ್ತಂತೆ. ಟೆಂಟ್ ಉಬ್ಬಿ ನಿಂತಿತ್ತಂತೆ. ಆತ ಗಂಟು ಜಗ್ಗಿದ ಕೂಡಲೇ ಪೂರಾ ಬಿಟ್ಟು ಬಿದ್ದು, ದೋಣಿ ತಿರುಗಿ ನಿಂತಿತಂತೆ. ಎರಡನೇ ಗಂಟಿದ್ದರೆ ನಾ ಇರುತ್ತಿರಲಿಲ್ಲ, ಅದನ್ನು ನಿಮ್ಮ ಮಗಳಿಗೆ ನಾನೇ ಹೇಳಬೇಕು ಎಂದು ಬಂದಿದ್ದನಂತೆ. ಅವಳು ಬರುವವರೆಗೆ ಕೂರುತ್ತೇನೆ ಅಂದನಂತೆ.

"ಮತ್ತ?" ಅವಳು ಕೇಳಿದಳು.

"ನನಗ ಅಂಜಿಕಿ ಆತು. ನಾವು ಲಿಂಗದವರು, ಅವರು ಕುರಿಯವರು. ಮಂದಿ ಏನಂದಾರು... ಇನ್ನ ಬರಬ್ಯಾಡ ಅಂದೆ. ಆತ ಏನಂದ ಗೊತ್ತದ ಏನು? 'ಆಕಿಗಿ ಕೇಳ್ರಿ. ಆಕಿ ಬ್ಯಾಡ ಅಂದ್ರ ಬರೋದಿಲ್ಲ' ಅಂದ. ಅದಕ್ಕ ನಾ..."

ಅವನು ಎದೆಯ ಮೇಲಿನ ಕೈ ಕೆಳಗಿಳಿಸಿದ.

"ಕೇಳೀನಿ, ಆಕಿನೇ ಬ್ಯಾಡ ಅಂದಾಳ, ಅಂದೆ. ಈಶಮ್ಮಗೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸ್ದೆ."

ಶಿವಕಾಂತಾ ಕಿಟಕಿಯ ಕಡೆ ಮುಖ ಮಾಡಿದಳು. ಸಿಟ್ಟು, ದುಃಖ, ಆಮೇಲೆ ಅವೆರಡರ ಕೆಳಗಿನಿಂದ ಇನ್ನೇನೋ... ಆತ ಬಂದಿದ್ದ! ತಾನು ಕಾಯುತ್ತಿದ್ದಾಗ ಆತ ತನ್ನ ಹೊಸ್ತಿಲಲ್ಲೇ ಕುಳಿತಿದ್ದ. ತಾನೇ ಬೇಡವೆಂದೆ ಎಂದು ನಂಬಿ ಎದ್ದು ಹೋಗಿದ್ದ. ಅಷ್ಟಾದರೂ ತನ್ನ ಮೆಸೇಜಿಗೆ ಚಲೋ ಅದರಿ ಎಂದು ಬರೆದಿದ್ದ.

ಅವಳು ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಊಟ ಬಡಿಸಿದಳು, ಮಾತ್ರೆ ಕೊಟ್ಟಳು, ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಂಡೆಪ್ಪ ಕೋಲೂರಿಕೊಂಡು ತಾನೇ ಅಂಗಡಿಗೆ ಬಂದು ಮಷೀನಿನ ಮುಂದೆ ಕುಳಿತ.

"ನಾರಾಯಣಖೇಡದ ಬಸ್ಸು ಒಂಬತ್ತಕ್ಕದ," ಅಂದ. "ಮಂದಿಗಿ ಉತ್ರಾ ನಾ ಕೊಡ್ತೀನಿ. ನೀ ಹೋಗು ಯವ್ವಾ."

*

ಅವಳು ದಡಕ್ಕೆ ಬಂದಾಗ ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದ. ನೀರು ಬೇಸಗೆಗೆ ಹಿಂದೆ ಸರಿದು, ಒಣಗಿದ ಕೆಸರು ಬಿರುಕು ಬಿಟ್ಟಿತ್ತು. ಕೂಗಳತೆಯಲ್ಲಿ ದೋಣಿ ನಿಂತಿತ್ತು. ಅದರ ಮೇಲೆ ತಾನು ಹೊಲಿದ ಟೆಂಟ್. ಅದರ ಕೆಳಗೆ ಒಬ್ಬ ಮನುಷ್ಯ ತಲೆ ಬಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದ.

ಅವಳು ಬಿರುಕುಬಿಟ್ಟ ಕೆಸರು ದಾಟಿ ನೀರಿನ ಅಂಚಿಗೆ ಹೋದಳು. ಅಲ್ಲೇ ನಿಂತಳು. ಎಷ್ಟೋ ಹೊತ್ತಿನ ಮೇಲೆ ಆತ ತಲೆಯೆತ್ತಿದ. ಪುಸ್ತಕ ಕೈಯಿಂದ ಜಾರಿತು.

ದೋಣಿಯನ್ನು ದಡಕ್ಕೆ ತಂದು ಆತ ಕೆಳಗಿಳಿಯಲೂ ಇಲ್ಲ, ಅವಳಿಗೆ 'ಹತ್ರಿ' ಅನ್ನಲೂ ಇಲ್ಲ. ಹಗ್ಗ ಹಿಡಿದುಕೊಂಡು ದೋಣಿಯಲ್ಲೇ, ಒಂದು ಮಾರು ದೂರದಲ್ಲಿ ನಿಂತ. ಸೊರಗಿದ್ದ. ಟೆಂಟಿನಲ್ಲಿ ಏನಾದರೂ ತೊಂದರೆಯೇ, ಅದಕ್ಕೆ ಬಂದಿರೇ ಎಂದು ಕೇಳಿದ. ಅವಳ ಕಣ್ಣು ತಪ್ಪಿಸುತ್ತಲೇ ಕೇಳಿದ.

"ನಾ ಬ್ಯಾಡ ಅಂದಿಲ್ರಿ."

ಆತನಿಗೆ ಅರ್ಥವಾಗಲಿಲ್ಲ.

"ನನಗ ಯಾರೂ ಕೇಳೇ ಇಲ್ಲ. ನೀವು ಬಂದಿದ್ದೇ ನನಗ ಗೊತ್ತಿಲ್ಲ. ಮೊನ್ನೆ ಅಪ್ಪ ಹೇಳಿದ... ತಾ ಸುಳ್ಳು ಹೇಳೀನಿ ಅಂತ."

ಭೀಮಾಶಂಕರನ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. ಒಂದು ಕ್ಷಣ ಮುಖದಲ್ಲಿ ನೋವು ಬಂದು ಹೋಯಿತು. ಆಮೇಲೆ ಆತ ಮಗುವಿನಂತೆ ದೀರ್ಘವಾಗಿ ಉಸಿರುಬಿಟ್ಟ.

"ನಲವತ್ತು ದಿನಾತು," ಅಂದ. "ನಾ ಏನ್ ತಪ್ಪು ಮಾಡಿದೆ ಅಂತ ದಿನಾ ಹುಡುಕೀನಿ. ಇಷ್ಟು ದಿನ ಮತ್ತ ನನ್ನ ಜೋಡಿ ನಾನೇ ಮಾತಾಡ್ತಿದ್ದೆ."

"ಏನಂತ?"

"ನಿಮ್ಮ ಹೆಸರಿಲೆ ಶುರು ಮಾಡ್ತಿದ್ದೆ. ಮುಂದ ಹೋಗ್ತಿರ್ಲಿಲ್ಲ."

ಶಿವಕಾಂತಾ ಕೈ ಚಾಚಿದಳು. ಈ ಸಲ ಆತ ಕೇಳಲಿಲ್ಲ, ಹಿಡಿದುಕೊಂಡ.

ಟೆಂಟಿನ ಕೆಳಗೆ ಎದುರುಬದುರು ಕುಳಿತರು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಇಲ್ಲಿ ಒಂದೂವರೆ ಅಡಿಯ ಸಂದಿನಿಂದ ನೀರಿನ ಮೇಲಿನ ಗಾಳಿ ಬಂದು ಅವಳ ಬೆವರಿದ ಕೊರಳನ್ನು ಮುಟ್ಟುತ್ತಿತ್ತು. ತಾನು ಹೊಲಿದದ್ದರ ಕೆಳಗೆ ತಾನೇ ಕುಳಿತದ್ದು ಅವಳ ಜೀವನದಲ್ಲಿ ಇದೇ ಮೊದಲು. ಲಾರಿಗಳೆಲ್ಲ ಹೊದಿಸಿಕೊಂಡು ಹೊರಟುಹೋಗುತ್ತಿದ್ದವು.

ಆತ ತನ್ನ ಅವ್ವ ಶರಣಬಸಮ್ಮನ ಬಗ್ಗೆ ಹೇಳಿದ. ಅವಳಿಗೆ ಎಂದೋ ಎಲ್ಲ ಗೊತ್ತಿತ್ತು, ಆ ಹುಡುಗಿಯ ಬಾಯಿಂದಲೇ ಕೇಳದೆ ಎದ್ದು ಬಂದೆಯಲ್ಲ ಎಂದು ಬೈದಿದ್ದಳು. ಶಿವಕಾಂತಾ ತನ್ನ ಅಪ್ಪ ಈಗ ಮಷೀನಿನ ಮುಂದೆ ಕುಳಿತದ್ದನ್ನು ಹೇಳಿದಳು. ಜನರ ಮಾತು ಸುಲಭವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಹೊತ್ತಿಗೆ ಅದು ದಡದಲ್ಲೇ ಉಳಿದಿತ್ತು.

"ನಾ ಅಂಗಡಿ ಬಿಡೋದಿಲ್ರಿ," ಅಂದಳು. ಮೊದಲೇ ಹೇಳಿಬಿಡಬೇಕಿತ್ತು.

"ಬಿಡು ಅಂತ ಯಾರು ಅಂದ್ರು? ನನಗ ನೀರಿನ ಕೆಲಸ ವಾರಕ್ಕ ಮೂರೇ ದಿನ. ಉಳಿದ ನಾಕು ದಿನ ಜಹೀರಾಬಾದ್‌ನ್ಯಾಗ. ಲಾರಿ ಮ್ಯಾಲ ನೀ ಒಂದು ತುದಿ ಹಿಡಿದ್ರ ನಾ ಒಂದು ತುದಿ ಹಿಡಿತೀನಿ."

ಆತ 'ನೀ' ಅಂದಿದ್ದ. ಗೊತ್ತಿಲ್ಲದೆ ಅಂದಿದ್ದ. ಶಿವಕಾಂತಾ ಮಾತ್ರ ಆ ಒಂದಕ್ಷರವನ್ನು ಒಳಗೆಳೆದುಕೊಂಡು ನೀರಿನ ಕಡೆ ಮುಖ ತಿರುಗಿಸಿದಳು.

"ಯಾಕ? ಏನರ ತಪ್ಪಂದೆ ಏನು?"

ಅವಳು ನೀರನ್ನೇ ನೋಡುತ್ತ ಅಂದಳು.

"ಮೂರು ದಿನ ಭಾಳ ಆಗ್ತಾವ..."

ಕೊನೆಗೆ ಬರಬೇಕಿದ್ದ 'ರಿ' ಅವಳ ಬಾಯಿಗೆ ಬರಲೇ ಇಲ್ಲ.

ಭೀಮಾಶಂಕರ ಅವಳ ಮುಖ ನೋಡಿದ. ಆಮೇಲೆ ಸರಿದು, ತನ್ನ ಪಕ್ಕದಲ್ಲಿ ಜಾಗ ಮಾಡಿದ.

"ಹಂಗಾದ್ರ ಒಂದು ದಿನ ನೀನೂ ಬಾ," ಅಂದ. "ಎರಡು ದಿನ ನಾ ಹ್ಯಾಂಗರ ಕಳೀತೀನಿ."